ಹೋಗಬಾರದ ದ್ವೀಪ

ನಮ್ಮ ತಂದೆಯವರ ಪುಸ್ತಕಗಳಲ್ಲಿ ರಟ್ಟು ಹರಿದ ಒಂದು ಭೂಪಟದ ಪುಸ್ತಕವಿದ್ದಿತು. ಅದರಲ್ಲಿ ನನಗೆ ಬಹಳ ಪ್ರಿಯವಾಗಿದ್ದುದು ದೇಶಗಳಿರುವ ಹಾಳೆಗಳಲ್ಲ, ಏನೂ ಇಲ್ಲದ ಒಂದು ಹಾಳೆ. ಪೆಸಿಫಿಕ್ ಮಹಾಸಾಗರದ ಆ ಎರಡು ಪುಟಗಳ ತುಂಬ ನೀಲಿಯ ಬಣ್ಣವೇ. ನಡುನಡುವೆ, ಬರೆಯುವವನು ಲೇಖನಿಯನ್ನು ಕೊಡವಿದಾಗ ಮಸಿ ಸಿಡಿದಂತೆ, ಕೆಲವು ಚುಕ್ಕೆಗಳು. ಪಾಲಿನೇಷಿಯ ಎಂಬ ಹೆಸರಿನ ಅಕ್ಷರಗಳು ಆ ಚುಕ್ಕೆಗಳ ನಡುವೆ ಒಂದಕ್ಕೊಂದು ದೂರವಾಗಿ, ಈಜಿ ದಣಿದವರಂತೆ ಹರಡಿಕೊಂಡಿದ್ದವು. ಒಂದು ಚುಕ್ಕೆಯ ಮೇಲೆ ನನ್ನ ಪುಟ್ಟ ಬೆರಳನ್ನಿಟ್ಟರೆ ಇಡೀ ದ್ವೀಪವೇ ಮರೆಯಾಗುತ್ತಿದ್ದಿತು.

“ಅಲ್ಲಿ ಯಾರಿದ್ದಾರೆ, ಅಪ್ಪಾ?” ಎಂದು ಒಮ್ಮೆ ಕೇಳಿದೆನು.

“ಯಾರೂ ಇಲ್ಲದಿರಬಹುದು, ಮಗು. ಹಕ್ಕಿಗಳಿರಬಹುದು” ಎಂದರು.

ಆ ಉತ್ತರವು ನನ್ನ ಮನಸ್ಸಿನಲ್ಲಿ ಒಂದು ಆಸೆಯನ್ನು ಬಿತ್ತಿಬಿಟ್ಟಿತು. ಯಾರೂ ಇಲ್ಲದ ಕಡೆಗೆ ಹೋಗಬೇಕು. ಹಕ್ಕಿಗಳ ನಡುವೆ ನಾನೊಬ್ಬನೇ ನಿಲ್ಲಬೇಕು. ಇಂತಹ ಆಸೆ ಇಲ್ಲದ ಹುಡುಗನಿಲ್ಲವೆಂದು ನಾನು ಬಲ್ಲೆನು. ನಮಗೆಲ್ಲರಿಗೂ ಅದನ್ನು ಕಲಿಸಿದವನು ರಾಬಿನ್ಸನ್ ಕ್ರೂಸೋ. ೧೭೧೯ರಲ್ಲಿ ಹೊರಬಂದ ಆ ಕಥೆಯಲ್ಲಿ ಹಡಗೊಡೆದು ದಡ ಸೇರಿದ ಮನುಷ್ಯನು ತನ್ನೊಡನೆ ಎರಡು ಬೆಕ್ಕುಗಳನ್ನೂ ಒಂದು ನಾಯಿಯನ್ನೂ ತರುವನು, ಬಾರ್ಲಿಯನ್ನು ಬೆಳೆಯುವನು, ಬೇಲಿ ಕಟ್ಟುವನು. ಓದುವವರಿಗೆ ಅವನ ಸಾಹಸವು ಎಷ್ಟು ಹಿತವೆನಿಸುವುದೆಂದರೆ, ದ್ವೀಪವೆಂಬುದು ಮನುಷ್ಯನು ಬರಲೆಂದೇ ಸೃಷ್ಟಿಯ ಆದಿಯಿಂದಲೂ ಕಾದುಕೊಂಡಿರುವುದೆಂದು ತೋರುವುದು. ಅಲ್ಲಿ ಮೊದಲೇ ಇದ್ದವರು ಯಾರು, ಆ ಬೆಕ್ಕುಗಳನ್ನು ಕಂಡು ಅವರಿಗೆ ಏನೆನಿಸಿತು ಎಂದು ನಾವು ಕೇಳುವುದಿಲ್ಲ.

ಕೇಳಬೇಕಾಗಿತ್ತೆಂದು ನನಗೆ ತಿಳಿದುದು ತಲೆ ನರೆತ ಮೇಲೆ. ಬಾಲ್ಯದಲ್ಲಿ ಬೆರಳಿಟ್ಟ ಚುಕ್ಕೆಗಳಲ್ಲಿ ಒಂದರ ಕಥೆಯನ್ನು ಈಚಿನ ವರ್ಷಗಳಲ್ಲಿ ದೊರೆತಷ್ಟು ಓದಿದೆನು. ಲೇಸನ್ ಎಂದು ಅದರ ಹೆಸರು. ಹವಾಯಿಯ ಮೂಲನಿವಾಸಿಗಳು ಅದನ್ನು ಕೌಓ ಎಂದು ಕರೆಯುವರು. ಹೊನೊಲುಲು ನಗರದಿಂದ ವಾಯವ್ಯಕ್ಕೆ ೯೦೦ ಮೈಲಿಗೂ ಮಿಕ್ಕ ದೂರದಲ್ಲಿ, ಹವಾಯಿಯ ದ್ವೀಪಸಾಲಿನ ಬಾಲದ ಕಡೆಗೆ, ಅದು ಒಂಟಿಯಾಗಿ ನಿಂತಿದೆ. ಸುಮಾರು ಒಂದೂವರೆ ಮೈಲಿ ಉದ್ದ, ಒಂದು ಮೈಲಿ ಅಗಲ; ಎಲ್ಲ ಸೇರಿ ಸಾವಿರ ಎಕರೆಯಷ್ಟು ಹವಳದ ಮರಳು. ನಡುವೆ ಕಡಲಿಗಿಂತಲೂ ಉಪ್ಪಾದ ಒಂದು ಕೆರೆ. ಬೆಟ್ಟವಿಲ್ಲ, ಹೊಳೆಯಿಲ್ಲ. ನಮ್ಮಲ್ಲಿ ಒಂದು ಸಾಧಾರಣ ಹಳ್ಳಿಯ ಎಲ್ಲೆಗೆ ಇದಕ್ಕಿಂತ ಹೆಚ್ಚಿನ ವಿಸ್ತಾರವಿರುವುದುಂಟು.

ಆದರೆ ಈ ಮರಳ ದಿಬ್ಬದ ಮೇಲೆ ಆಲ್ಬಟ್ರಾಸ್ ಮೊದಲಾದ ಕಡಲಹಕ್ಕಿಗಳು ಲಕ್ಷಗಟ್ಟಲೆ ಬಂದು ಮರಿಮಾಡುವುವು. ಅವಲ್ಲದೆ ಪ್ರಪಂಚದ ಬೇರಾವ ಕಡೆಯೂ ಕಾಣದ ಐದು ಬಗೆಯ ನೆಲದ ಹಕ್ಕಿಗಳು ಒಂದು ಕಾಲಕ್ಕೆ ಅಲ್ಲಿದ್ದವು: ಒಂದು ಬಾತು, ಬಲವಾದ ಕೊಕ್ಕಿನ ಒಂದು ಫಿಂಚ್, ಪತಂಗಗಳನ್ನು ಹಿಡಿದು ತಿನ್ನುವ ಒಂದು ಉಲಿಯಕ್ಕಿ, ಕೆಂಪು ಮೈಯ, ಜೇನು ಹೀರುವ ಒಂದು ಹಾಡುಹಕ್ಕಿ, ನಮ್ಮ ಹುಂಡುಕೋಳಿಯ ಕುಲಕ್ಕೆ ಸೇರಿದ, ಹಾರಲಾರದ ಆದರೆ ಇಲಿಯಂತೆ ಓಡಬಲ್ಲ ಒಂದು ಪುಟ್ಟ ಹಕ್ಕಿ. ಸಾವಿರ ಎಕರೆಯೇ ಅವುಗಳ ಪಾಲಿನ ಪೃಥ್ವಿ. ಓಡಿಹೋಗೋಣವೆಂದರೆ ಅದರಾಚೆ ಇನ್ನೊಂದು ಊರಿರಲಿಲ್ಲ.

ಇಂತಹ ಕಡೆಗೆ ಮನುಷ್ಯನು ಎರಡು ಬಾರಿ ಬಂದನು. ಒಮ್ಮೆ ಹಕ್ಕಿಯ ಹಿಕ್ಕೆಯನ್ನು ಗೊಬ್ಬರಕ್ಕೆಂದು ಅಗೆಯಲು, ಇನ್ನೊಮ್ಮೆ ಗರಿಗಳನ್ನು ಕೀಳಲು. ದೂರದ ನಗರಗಳ ಹೆಂಗಸರ ಟೋಪಿಗಳಿಗೆ ಗರಿಯ ಅಲಂಕಾರ ಬೇಕಾಗಿದ್ದ ಕಾಲವದು. ಈ ಕೊಲೆಯ ವರ್ತಮಾನವು ಹಬ್ಬಿದ ಮೇಲೆ ೧೯೦೯ನೆಯ ಇಸವಿ ಫೆಬ್ರವರಿ ೩ನೆಯ ತಾರೀಖು ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಲೇಸನ್ನನ್ನೂ ಅದರ ನೆರೆಯ ದ್ವೀಪಗಳನ್ನೂ ಪಕ್ಷಿಗಳಿಗೆಂದು ಮೀಸಲಿಟ್ಟು ಆಜ್ಞೆ ಹೊರಡಿಸಿದರು. ಆಜ್ಞೆ ಹೊರಟ ಮಾತ್ರಕ್ಕೆ ಕೊಲೆ ನಿಲ್ಲಲಿಲ್ಲ. ೧೯೧೦ರ ಜನವರಿಯಲ್ಲಿ ಸರ್ಕಾರದ ಹಡಗೊಂದು ಹೋಗಿ ನೋಡಿದಾಗ ಗರಿಯ ಬೇಟೆಗಾರರು ೨೩ ಮಂದಿ ಸಿಕ್ಕಿಬಿದ್ದರು. ಅವರು ಕೂಡಿಟ್ಟಿದ್ದ ರೆಕ್ಕೆಗಳು ಎರಡೂವರೆ ಲಕ್ಷಕ್ಕೂ ಮೇಲಿದ್ದವು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಸುಖಾಂತವಾಗುತ್ತಿದ್ದಿತು: ಕಳ್ಳರು ಸಿಕ್ಕಿದರು, ಕಾನೂನು ಗೆದ್ದಿತು, ಹಕ್ಕಿಗಳು ಉಳಿದವು. ನಾವು ಸಾಮಾನ್ಯವಾಗಿ ಮೀಸಲು ಪ್ರದೇಶವೆಂದರೆ ಇಷ್ಟೇ ಎಂದು ತಿಳಿಯುವೆವು. ಒಂದು ಆಜ್ಞೆ, ಒಂದು ಬೇಲಿ, ಒಬ್ಬ ಕಾವಲುಗಾರ. ಆದರೆ ಆಜ್ಞೆಗೆ ಆರು ವರ್ಷ ಮೊದಲೇ, ೧೯೦೩ರಲ್ಲಿ, ಕಳ್ಳನೆಂದು ಯಾರೂ ಹೇಳಲಾರದ ಪ್ರಾಣಿಯೊಂದು ಆ ನೆಲದ ಮೇಲೆ ಇಳಿದಿದ್ದಿತು. ಅದು ಮೊಲ. ಅಲ್ಲಿ ಸಂಸಾರ ಹೂಡಿದ್ದ ಒಬ್ಬ ಅಧಿಕಾರಿಯು ಮಾಂಸದ ವ್ಯಾಪಾರವಾದೀತೆಂಬ ಆಸೆಯಿಂದ ಅದನ್ನು ತರಿಸಿದ್ದನು. ಹಿಡಿದು ತಿನ್ನುವ ಪ್ರಾಣಿ ಯಾವುದೂ ಇಲ್ಲದ ಕಡೆ ಮೊಲವು ಎಷ್ಟು ಬೇಗ ಹೆಚ್ಚುವುದೆಂದು ಹೇಳಬೇಕಾದುದಿಲ್ಲ. ಹುಲ್ಲು ಹೋಯಿತು, ಹುಲ್ಲು ಹಿಡಿದಿದ್ದ ಮರಳು ಎದ್ದಿತು, ಗೂಡು ಕಟ್ಟುವ ಪೊದೆ ಹೋಯಿತು, ಪೊದೆಯಲ್ಲಿದ್ದ ಹುಳುವೂ ಹೂವೂ ಹೋದವು. ಕಾಗದದ ಮೇಲೆ ದ್ವೀಪವು ಹಕ್ಕಿಗಳದಾಗಿದ್ದಿತು. ನೆಲದ ಮೇಲೆ ಅದು ಮೊಲಗಳದಾಗಿದ್ದಿತು. ೧೯೧೨ರ ವೇಳೆಗೆ ಬಾತುಗಳ ಸಂಖ್ಯೆ ಹತ್ತು ಹನ್ನೆರಡಕ್ಕಿಳಿಯಿತು.

ಆ ವರ್ಷ ಸರ್ಕಾರದ ಒಂದು ತಂಡವು ಹೋಗಿ ಸುಮಾರು ೫,೦೦೦ ಮೊಲಗಳನ್ನು ಕೊಂದಿತು, ಮದ್ದುಗುಂಡು ಮುಗಿಯಿತು, ತಂಡವು ಹಿಂದಿರುಗಿತು. ಮೊಲಗಳು ಇನ್ನೂ ಉಳಿದಿದ್ದವು. ಹಾಗೆ ಉಳಿದವೇ ಸಾಕಾಗಿದ್ದಿತು. ಸಾಲದ ಶೇಷವನ್ನೂ, ಬೆಂಕಿಯ ಶೇಷವನ್ನೂ, ಹಗೆಯ ಶೇಷವನ್ನೂ ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತಿನ ನಿಜವಾದ ಅರ್ಥವು ನನಗೆ ಹೊಳೆದುದು ಈ ಐದು ಸಾವಿರದ ಲೆಕ್ಕವನ್ನು ಓದಿದಾಗ.

ಕೊನೆಗೆ ೧೯೨೩ರಲ್ಲಿ ಟ್ಯಾನೇಜರ್ ಎಂಬ ಹಡಗಿನಲ್ಲಿ ಅಲೆಗ್ಸಾಂಡರ್ ವೆಟ್‌ಮೋರ್ ಎಂಬ ವಿದ್ವಾಂಸರ ನಾಯಕತ್ವದಲ್ಲಿ ಇನ್ನೊಂದು ತಂಡ ಬಂದಿತು. ಅವರ ಕಣ್ಣಿಗೆ ಬಿದ್ದುದು ಮರಳುಗಾಡು. ಕೆಂಪು ಹಾಡುಹಕ್ಕಿಗಳು ಪ್ರಪಂಚದಲ್ಲೆಲ್ಲ ಮೂರೇ ಮೂರು ಉಳಿದಿದ್ದವು. ಅವರು ಅಲ್ಲಿದ್ದಾಗಲೇ ಬಿರುಗಾಳಿಯೆದ್ದು ಮರಳನ್ನು ತೂರಿತು. ಮರೆಯಾಗಿ ನಿಲ್ಲಲು ಒಂದು ಪೊದೆಯೂ ಇರಲಿಲ್ಲ. ಗಾಳಿ ನಿಂತ ಮೇಲೆ ಹುಡುಕಿದಾಗ ಒಂದು ಹಕ್ಕಿಯೂ ಕಾಣಲಿಲ್ಲ. ಉಲಿಯಕ್ಕಿಯು ಅದಕ್ಕೂ ಮೊದಲೇ ಅಳಿದಿದ್ದಿತು. ಓಡುವ ಪುಟ್ಟ ಹಕ್ಕಿಯು ಮಿಡ್‌ವೇ ದ್ವೀಪದಲ್ಲಿ, ಯಾರೋ ಹಿಂದೆ ಒಯ್ದು ಬಿಟ್ಟಿದ್ದುದರಿಂದ, ಇನ್ನೂ ಕೆಲವು ಕಾಲ ಬದುಕಿದ್ದಿತು. ಯುದ್ಧದ ಹಡಗುಗಳಿಂದ ಇಲಿಗಳು ಅಲ್ಲಿಗಿಳಿದವು. ೧೯೪೪ರ ಬಳಿಕ ಅದನ್ನು ಕಂಡವರಿಲ್ಲ.

ಆ ತಂಡದಲ್ಲಿದ್ದ ಡೊನಾಲ್ಡ್ ಡಿಕಿ ಎಂಬವರು ಕೆಂಪು ಹಕ್ಕಿಯ ಒಂದು ಛಾಯಾಚಿತ್ರವನ್ನು ತೆಗೆದಿದ್ದರು. ಅದನ್ನು ನಾನು ನೋಡಿದ್ದೇನೆ. ಹಕ್ಕಿಯು ಕೊಕ್ಕು ತೆರೆದು ಹಾಡುತ್ತಿದೆ. ತನ್ನ ಕುಲದಲ್ಲಿ ಕೇಳುವವರು ಇನ್ನಿಬ್ಬರೇ ಎಂಬುದು ಅದಕ್ಕೆ ತಿಳಿದಿರಲಾರದು. ಚಿತ್ರಕ್ಕೆ ದನಿಯಿಲ್ಲ. ನಮ್ಮ ತಂದೆಯವರದೂ ಅಂತಹ ಒಂದು ಚಿತ್ರ ಮನೆಯಲ್ಲಿದೆ, ಏನನ್ನೋ ಹೇಳಲು ಬಾಯಿ ತೆರೆದಾಗ ತೆಗೆದುದು. ಏನು ಹೇಳುತ್ತಿದ್ದರೋ ಈಗ ಯಾರೂ ತಿಳಿಸಲಾರರು. ಆದರೆ ಅವರ ದನಿಯ ಸ್ವಲ್ಪ ಭಾಗ ನನ್ನ ಗಂಟಲಿನಲ್ಲಿದೆಯೆಂದು ಬಂಧುಗಳು ಹೇಳುವರು. ಹಕ್ಕಿಗೆ ಆ ಸಮಾಧಾನವೂ ಇಲ್ಲ.

ಈ ಕಥೆಯನ್ನು ಒಂದು ಸಂಜೆ ನನ್ನ ಮನೆಯಾಕೆಗೆ ಹೇಳಿದೆನು. ಆಕೆ ಹೂ ಕಟ್ಟುತ್ತಿದ್ದಳು. ಕೊನೆಯ ಮೊಲದವರೆಗೂ ಕೊಂದರೆಂದು ಕೇಳಿ ಕೈ ನಿಲ್ಲಿಸಿದಳು.

“ಅಲ್ಲ, ಮೊಲದ ತಪ್ಪೇನು ಅದರಲ್ಲಿ? ತಾನೇ ಈಜಿಕೊಂಡು ಹೋಯಿತೇ?”

“ಇಲ್ಲ. ತಪ್ಪು ತಂದವನದು.”

“ಹಾಗಾದರೆ ಸತ್ತುದು ಯಾರು?”

ಇದಕ್ಕೆ ನಾನು ಥಟ್ಟನೆ ಉತ್ತರ ಹೇಳಲಾರದೆ ಹೋದೆನು; ಈಗಲೂ ಪೂರ್ತಿಯಾಗಿ ಹೇಳಬಲ್ಲೆನೆಂಬ ನಂಬಿಕೆಯಿಲ್ಲ. ಇರುವೆಗೆ ಸಕ್ಕರೆ ಹಾಕುವ ಮನೆಯಲ್ಲಿ ಬೆಳೆದವನು ನಾನು. ಕೋವಿಯ ಪಕ್ಷವನ್ನು ವಹಿಸುವುದು ನನಗೆ ಸುಲಭವಲ್ಲ. ಆದರೂ ಯೋಚಿಸಿದಷ್ಟೂ ಒಂದು ಸಂಗತಿಯನ್ನು ತಳ್ಳಿಹಾಕಲಾರೆನು. ಇಪ್ಪತ್ತು ವರ್ಷಗಳ ಕಾಲ ಕೈಕಟ್ಟಿ ಕುಳಿತುದೂ ಒಂದು ಕೊಲೆಯೇ ಆಯಿತು. ಅದರಲ್ಲಿ ರಕ್ತ ಕಾಣಲಿಲ್ಲ, ಅಷ್ಟೇ. ಮೊಲವು ಸತ್ತರೆ ಇನ್ನೆಷ್ಟೋ ದೇಶಗಳಲ್ಲಿ ಮೊಲಗಳುಂಟು. ಆ ಕೆಂಪು ಹಕ್ಕಿ ಸತ್ತರೆ ಅದಕ್ಕೆ ಇನ್ನೊಂದು ದೇಶವಿಲ್ಲ. ಹೀಗೆಂದ ಮಾತ್ರಕ್ಕೆ ಕೊಂದುದು ಪುಣ್ಯವಾಗಲಾರದು. ಹಿಂದಿನವನು ಮಾಡಿದ ಸಾಲವನ್ನು ಮುಂದಿನವನು ತೀರಿಸುವಾಗ ಆ ಹಣವು ಯಾರದೋ ನಿರಪರಾಧಿಯ ಗಂಟಿನಿಂದ ಹೋಗುವುದುಂಟು. ದ್ವೀಪಗಳ ವಿಷಯದಲ್ಲಿ ದಯೆಯೆಂಬುದನ್ನು ತೋರಿಸಬೇಕಾದುದು ಮೊಲವನ್ನು ಹಡಗಿಗೆ ಹತ್ತಿಸುವುದಕ್ಕೆ ಮೊದಲು. ಇಳಿಸಿದ ಮೇಲೆ ಉಳಿಯುವುದು ಎರಡು ಪಾಪಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಕಷ್ಟ ಮಾತ್ರ.

ಆ ಕಷ್ಟವನ್ನು ಹೊತ್ತರೂ ಫಲ ಸಿಕ್ಕಿಯೇ ಸಿಕ್ಕುವುದೆಂದೂ ಇಲ್ಲ. ಪಾಲಿನೇಷಿಯದ ಇನ್ನೊಂದು ಕೊನೆಯಲ್ಲಿ, ಪಿಟ್‌ಕೇರ್ನಿಗೆ ಸೇರಿದ ಹೆಂಡರ್ಸನ್ ದ್ವೀಪವುಂಟು. ೧೯೮೮ರಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಅಲ್ಲಿನ ಇಲಿಗಳು ಕಡಲಹಕ್ಕಿಗಳ ಮರಿಗಳನ್ನು ತಿಂದುಹಾಕುತ್ತಿದ್ದುದರಿಂದ ೨೦೧೧ರಲ್ಲಿ ಹೆಲಿಕಾಪ್ಟರುಗಳಿಂದ ದ್ವೀಪದ ಮೇಲೆಲ್ಲ ವಿಷದ ಕಾಳುಗಳನ್ನು ಚೆಲ್ಲಿದರು. ಉಳಿದ ಇಲಿಗಳು ಅರವತ್ತರಿಂದ ಎಂಬತ್ತಿರಬಹುದೆಂದು ಆಮೇಲೆ ಲೆಕ್ಕ ಹಾಕಿದರು. ಅಷ್ಟರಿಂದಲೇ ಇಲಿಗಳು ಮತ್ತೆ ತುಂಬಿಕೊಂಡವು. ಮತ್ತೆ ಅದೇ ಶೇಷದ ಕಥೆ.

ಲೇಸನ್ನಿನಲ್ಲಿ ಮಾತ್ರ ಶೇಷವುಳಿಯಲಿಲ್ಲ. ೧೯೨೩ರ ಬಳಿಕ ಹುಲ್ಲು ಮೆಲ್ಲಮೆಲ್ಲನೆ ಮರಳಿ ಬಂದಿತು. ಬಾತುವೂ ಫಿಂಚೂ ಬದುಕಿಕೊಂಡವು. ಹಿಂದೆ ಯಾರ ಜೊತೆಯಲ್ಲೋ ಬಂದು ಹಬ್ಬಿದ್ದ ಒಂದು ಮುಳ್ಳುಹುಲ್ಲನ್ನು ೧೯೯೧ರಿಂದ ಸುಮಾರು ಹತ್ತು ವರ್ಷಗಳ ಕಾಲ ಕೆಲಸಗಾರರು ಗಿಡಗಿಡವಾಗಿ ಕೈಯಿಂದ ಕಿತ್ತು, ಬಿದ್ದ ಬೀಜ ಮೊಳೆತಾಗ ಮತ್ತೆ ಕಿತ್ತು, ನಿರ್ಮೂಲ ಮಾಡಿದರು. ಬಾತುಗಳೆಲ್ಲ ಒಂದೇ ದ್ವೀಪದಲ್ಲಿದ್ದರೆ ಒಂದೇ ಬಿರುಗಾಳಿಗೆ ತುತ್ತಾದಾವೆಂದು ೨೦೦೪ ಮತ್ತು ೨೦೦೫ರಲ್ಲಿ ೪೨ ಬಾತುಗಳನ್ನು ಹಡಗಿನಲ್ಲಿ ಮಿಡ್‌ವೇಗೆ ಒಯ್ದು ಬಿಟ್ಟರು. ಅವು ಅಲ್ಲಿ ಬೆಳೆದು ನೂರುಗಟ್ಟಲೆಯಾದವು. ಅಳಿದುಹೋದ ಉಲಿಯಕ್ಕಿಯ ದಾಯಾದಿಯೊಂದು ಆರುನೂರು ಮೈಲಿಗೂ ದೂರದ ನಿಹೋಅ ಎಂಬ ಕಲ್ಲುಬಂಡೆಯ ದ್ವೀಪದಲ್ಲಿ ಉಳಿದಿದ್ದಿತು. ೨೦೧೧ ಮತ್ತು ೨೦೧೨ರಲ್ಲಿ ಅಂತಹ ೫೦ ಹಕ್ಕಿಗಳನ್ನು ಲೇಸನ್ನಿಗೆ ತಂದರು. ಅವು ಗೂಡು ಕಟ್ಟಿದವು. ಹೋದವನು ಬರಲಿಲ್ಲ, ನಿಜ. ಆದರೆ ಬಹುಕಾಲ ಬೀಗ ಹಾಕಿದ್ದ ಮನೆಯಲ್ಲಿ ಅವನ ದಾಯಾದಿಯ ಮಕ್ಕಳು ದೀಪ ಹಚ್ಚಿದಂತಾಯಿತು.

ಈ ದ್ವೀಪಸಾಲೆಲ್ಲವೂ ೨೦೦೬ರಿಂದ ಒಂದು ಮಹಾ ರಕ್ಷಿತ ಪ್ರದೇಶವಾಗಿದೆ. ಅದಕ್ಕಿಟ್ಟಿರುವ ಹವಾಯಿ ಭಾಷೆಯ ಹೆಸರು ಪಾಪಹಾನೌಮೊಕುಆಕೇಅ. ಭೂತಾಯಿಯಾದ ಪಾಪಹಾನೌಮೊಕು, ಆಕಾಶತಂದೆಯಾದ ವಾಕೇಅ ಇವರಿಬ್ಬರ ಹೆಸರುಗಳು ಅದರಲ್ಲಿ ಕೂಡಿವೆ. ದ್ಯಾವಾಪೃಥಿವಿಗಳನ್ನು ಜೋಡಿಯಾಗಿ ಸ್ಮರಿಸಿದ ನಾಡಿನವರಿಗೆ ಈ ಹೆಸರು ಉಚ್ಚಾರಣೆಗೆ ಕಠಿನವಾದರೂ ಭಾವಕ್ಕೆ ಹೊಸದಲ್ಲ. ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಕಾಲಿಡುವಂತಿಲ್ಲ. ಅಪ್ಪಣೆ ಪಡೆದು ಹೋಗುವವರಿಗಿರುವ ನಿಯಮಗಳನ್ನು ಓದಿದಾಗ ಮಾತ್ರ ನಾನು ಬೆರಗಾದೆನು. ಒಂದು ದ್ವೀಪದಲ್ಲಿ ಉಟ್ಟ ಬಟ್ಟೆಯನ್ನು ಇನ್ನೊಂದರಲ್ಲಿ ಉಡಕೂಡದು. ಆಯಾ ದ್ವೀಪಕ್ಕೆ ಹೊಸ ಬಟ್ಟೆ, ಹೊಸ ಪಾದರಕ್ಷೆ. ಬಟ್ಟೆಬರೆಗಳನ್ನು ಇಳಿಯುವ ಮುನ್ನ ಎರಡು ಹಗಲು ಎರಡು ರಾತ್ರಿ ಹಿಮದ ಚಳಿಯಲ್ಲಿಟ್ಟು ಹುಳು ಮೊಟ್ಟೆಗಳನ್ನು ಕೊಲ್ಲಬೇಕು. ಒಂದು ಬೀಜ, ಒಂದು ಇರುವೆ ಜೊತೆಯಲ್ಲಿ ಹೋಗಕೂಡದು.

ಇದು ನಮ್ಮ ಅಜ್ಜಿಯ ಮಡಿ! ಆಕೆ ಮಡಿಸೀರೆಯನ್ನು ಯಾರ ಕೈಗೂ ಎಟುಕದಂತೆ ಗಳುವಿನ ಮೇಲೆ ಹರಡಿ, ಕೋಲಿನಿಂದ ತೆಗೆದು, ಒಳಗೆ ಹೋಗಿ ಉಡುತ್ತಿದ್ದಳು. ಶಾಲೆಯಿಂದ ಬಂದ ನಾನು ಹತ್ತಿರ ಸುಳಿದರೆ “ದೂರ, ದೂರ” ಎನ್ನುವಳು. ಅದನ್ನು ಕಂಡರೆ ನನಗಾಗ ಆಗುತ್ತಿರಲಿಲ್ಲ. ಮನುಷ್ಯರು ಮನುಷ್ಯರನ್ನೇ ಹೊಸಲಿನಾಚೆ ನಿಲ್ಲಿಸುತ್ತಿದ್ದ ಆ ಮಡಿಯು ಸಡಿಲವಾದುದು ಒಳ್ಳೆಯದೇ ಆಯಿತೆಂದು ಇಂದಿಗೂ ನಂಬಿದ್ದೇನೆ. ಆದರೆ ದ್ವೀಪದ ಮಡಿಯು ಅದನ್ನೇ ತಲೆಕೆಳಗು ಮಾಡಿದ ಮಡಿ. ಅಜ್ಜಿಯ ಮಡಿಯಲ್ಲಿ ತಾನು ಶುದ್ಧ, ಉಳಿದವರು ಮೈಲಿಗೆ. ಇಲ್ಲಿ ಮರಳೂ ಹುಳುವೂ ಬಾತುವೂ ಶುದ್ಧ. ವಿದ್ಯೆ ಕಲಿತು, ಸದುದ್ದೇಶದಿಂದ, ಸೇವೆಗೆಂದೇ ಬಂದ ಮನುಷ್ಯನೇ ಮೈಲಿಗೆ. ತನ್ನಿಂದ ಇನ್ನೊಬ್ಬರನ್ನು ದೂರವಿಡುವುದು ಅಹಂಕಾರ; ಇನ್ನೊಂದು ಜೀವದಿಂದ ತನ್ನನ್ನು ದೂರವಿಟ್ಟುಕೊಳ್ಳುವುದು ವಿನಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಆಚಾರದಂತೆ ಕಾಣುವುವು.

ಹಾಗೆಂದು ದೂರ ನಿಂತಮಾತ್ರಕ್ಕೆ ನಾವು ದ್ವೀಪವನ್ನು ಮುಟ್ಟಲಿಲ್ಲವೆಂದು ಹೇಳುವಂತೆಯೂ ಇಲ್ಲ. ಯಾರೂ ವಾಸಿಸದ ಆ ಹೆಂಡರ್ಸನ್ನಿನ ಕಡಲತಡಿಯನ್ನು ೨೦೧೫ರಲ್ಲಿ ಪರೀಕ್ಷಿಸಿದವರು ಅಲ್ಲಿ ೩ ಕೋಟಿ ೭೭ ಲಕ್ಷ ಪ್ಲಾಸ್ಟಿಕ್ ತುಂಡುಗಳಿರಬಹುದೆಂದು ಅಂದಾಜು ಮಾಡಿದರು. ಆಲ್ಬಟ್ರಾಸ್ ತಾಯಿಯು ಕಡಲ ಮೇಲೆ ತೇಲುವ ಚೂರುಗಳನ್ನು ಆಹಾರವೆಂದು ತಿಳಿದು ನುಂಗಿ ತಂದು ಮರಿಯ ಬಾಯಿಗೆ ಕಕ್ಕುವುದು. ಆ ಚೂರುಗಳು ನಮ್ಮ ಮನೆಯವೆಂದು ನಾನು ಹೇಳಲಾರೆನು. ನಮ್ಮವಲ್ಲವೆಂದು ಹೇಳುವ ಧೈರ್ಯವೂ ಇಲ್ಲ. ಇನ್ನು ಕಡಲು ತಾನೇ ಏರುತ್ತಿರುವಾಗ ಯಾವ ಆಜ್ಞೆ ತಡೆದೀತು? ಇದೇ ದ್ವೀಪಸಾಲಿನ ಈಸ್ಟ್ ದ್ವೀಪವು ಕಡಲಾಮೆಗಳು ಮೊಟ್ಟೆಯಿಡುವ ಹನ್ನೊಂದು ಎಕರೆಯ ಮರಳಾಗಿದ್ದಿತು. ೨೦೧೮ರ ಅಕ್ಟೋಬರಿನ ಚಂಡಮಾರುತದಲ್ಲಿ ಅದರ ಬಹುಪಾಲು ಕೊಚ್ಚಿಹೋಯಿತು.

ಇಷ್ಟಾದರೂ ನಿರಾಶನಾಗಲು ನನ್ನ ಮನಸ್ಸು ಒಪ್ಪದು. ಮಿಡ್‌ವೇ ದ್ವೀಪದಲ್ಲಿ ೧೯೫೬ರಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ಪಕ್ಷಿಶಾಸ್ತ್ರಜ್ಞರು ಒಂದು ಹೆಣ್ಣು ಆಲ್ಬಟ್ರಾಸಿನ ಕಾಲಿಗೆ ಉಂಗುರ ತೊಡಿಸಿದರು. ೨೦೦೨ರಲ್ಲಿ ಅದೇ ಹಕ್ಕಿಯು ಅವರ ಕೈಗೇ ಮತ್ತೆ ಸಿಕ್ಕಿತು. ರಾಬಿನ್ಸರು ೨೦೧೭ರಲ್ಲಿ ತೀರಿಕೊಂಡರು. ಹಕ್ಕಿಯು ೨೦೨೪ರ ಕೊನೆಯಲ್ಲಿ ಮತ್ತೊಂದು ಮೊಟ್ಟೆಯಿಟ್ಟಿತು. ಮೀಸಲು ಪ್ರದೇಶವೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈ ಸಂಗತಿಯನ್ನು ಹೇಳುವೆನು: ಕಾಯುವವನು ತೀರಿಹೋದ ಮೇಲೂ ಕಾವಲು ನಿಲ್ಲದಿರುವ ಜಾಗ.

ಮೊನ್ನೆ ಮೊಮ್ಮಗನು ಅಟ್ಟದಿಂದ ಆ ಹಳೆಯ ಭೂಪಟವನ್ನು ಇಳಿಸಿ ತಂದನು. ನೀಲಿಯು ಮಾಸಿದೆ, ಚುಕ್ಕೆಗಳು ಹಾಗೆಯೇ ಇವೆ. ಲೇಸನ್ನಿನ ಕಥೆಯನ್ನು ಅವನಿಗೆ ಹೇಳಿದೆನು. ಮುಗಿದ ಕೂಡಲೇ ಅವನು ಕೇಳಿದ ಪ್ರಶ್ನೆ ನಾನು ಎದುರುನೋಡುತ್ತಿದ್ದುದೇ.

“ತಾತ, ನಾವು ಅಲ್ಲಿಗೆ ಹೋಗೋಣವೇ?”

“ಬೇಡ, ಮಗು.”

“ಯಾಕೆ? ಬಹಳ ದೂರವೇ?”

“ದೂರವೂ ಹೌದು. ಆದರೆ ಅದಕ್ಕಲ್ಲ.”

ಅವನು ಸ್ವಲ್ಪ ಹೊತ್ತು ಆ ಚುಕ್ಕೆಯನ್ನೇ ನೋಡಿದನು. ಆಮೇಲೆ ಅದರ ಮೇಲಿಟ್ಟಿದ್ದ ಬೆರಳನ್ನು ತಾನಾಗಿಯೇ ತೆಗೆದನು.